ಅವಧಿ ಮುಗಿದ ಮೇಲೂ ಕುಳಿತಿದ್ದ ಲೋಕಸಭೆ

ಲೋಕಸಭೆಯ ಆಯುಷ್ಯ ಐದು ವರ್ಷ. ಅದಕ್ಕೆ ಮೊದಲೇ ವಿಸರ್ಜನೆಗೊಂಡ ಲೋಕಸಭೆಗಳು ನಮ್ಮಲ್ಲಿ ಹಲವು. ಆದರೆ ಐದು ವರ್ಷ ತುಂಬಿದ ಮೇಲೂ ಮತದಾರರ ಬಳಿಗೆ ಹೋಗದೆ, ತಾನೇ ಮಾಡಿಕೊಂಡ ಕಾನೂನಿನ ಬಲದಿಂದ ಮುಂದುವರಿದ ಲೋಕಸಭೆ ಒಂದೇ ಒಂದು. ಅದು 1971ರ ಮಾರ್ಚ್‌ನಲ್ಲಿ ಆರಿಸಿ ಬಂದ ಐದನೆಯ ಲೋಕಸಭೆ. 1976ರ ಮಾರ್ಚ್‌ಗೆ ಮುಗಿಯಬೇಕಿದ್ದ ಅದರ ಅವಧಿ 1977ರ ಜನವರಿ 18ರವರೆಗೆ ಎಳೆಯಿತು. ಸದಸ್ಯನಿಗೆ ಆ ಕುರ್ಚಿಯನ್ನು ಕೊಟ್ಟವರು ಯಾರು, ಎಷ್ಟು ಕಾಲಕ್ಕೆ ಕೊಟ್ಟರು ಎಂಬ ಪ್ರಶ್ನೆ ಆ ಹತ್ತು ತಿಂಗಳಲ್ಲಿ ಎದ್ದಷ್ಟು ನೇರವಾಗಿ ಮತ್ತೆಂದೂ ಎದ್ದಿಲ್ಲ.

ಆ ಸಭೆ ಹುಟ್ಟಿದ್ದೇ ಅವಸರದಲ್ಲಿ. ನಾಲ್ಕನೆಯ ಲೋಕಸಭೆಯನ್ನು ಇಂದಿರಾಗಾಂಧಿಯವರು ಒಂದು ವರ್ಷ ಮೊದಲೇ, 1970ರ ಡಿಸೆಂಬರ್‌ನಲ್ಲಿ ವಿಸರ್ಜಿಸಿದರು. ಕಾಂಗ್ರೆಸ್ ಒಡೆದು ಹೋಗಿತ್ತು. ಅವರಿಗೆ ಸ್ವಂತ ಬಹುಮತ ಇರಲಿಲ್ಲ. 'ಗರೀಬಿ ಹಟಾವೊ' ಘೋಷಣೆಯೊಂದಿಗೆ ಮಧ್ಯಂತರ ಚುನಾವಣೆಗೆ ಹೋದ ಅವರ ಪಕ್ಷ 518ರಲ್ಲಿ 352 ಸ್ಥಾನ ಗೆದ್ದಿತು. ಮೈಸೂರು ರಾಜ್ಯದ 27ಕ್ಕೆ 27 ಸ್ಥಾನಗಳೂ ಅವರಿಗೇ ಬಂದವು. ಎದುರಿನ ಸಾಲಿನಲ್ಲಿ ಅತಿ ದೊಡ್ಡ ಪಕ್ಷವಾದ ಮಾರ್ಕ್ಸ್‌ವಾದಿ ಕಮ್ಯುನಿಸ್ಟರಿಗೆ ಸಿಕ್ಕಿದ್ದು ಬರೀ 25. ಅಧಿಕೃತ ವಿರೋಧಪಕ್ಷ ಎನಿಸಿಕೊಳ್ಳಲು ಬೇಕಾದ ಹತ್ತನೇ ಒಂದು ಭಾಗವೂ ಯಾರಿಗೂ ಇರಲಿಲ್ಲ.

ಮೊದಲ ವರ್ಷಗಳಲ್ಲಿ ಈ ಸಭೆ ಮಾಡಿದ ಕೆಲಸ ಸಣ್ಣದಲ್ಲ. ಮಾಜಿ ಅರಸರ ರಾಜಧನ ರದ್ದಾದದ್ದು ಇಲ್ಲಿ. ನಮ್ಮ ರಾಜ್ಯಕ್ಕೆ 'ಕರ್ನಾಟಕ' ಎಂಬ ಹೆಸರು ಕೊಟ್ಟ 1973ರ ಕಾಯ್ದೆಗೆ ಒಪ್ಪಿಗೆ ಬಿದ್ದದ್ದೂ ಇಲ್ಲೇ. ಸಂವಿಧಾನದ ಯಾವ ಭಾಗವನ್ನಾದರೂ ತಿದ್ದುವ ಅಧಿಕಾರ ಸಂಸತ್ತಿಗಿದೆ ಎಂದು ಸಾರಿದ 24ನೇ ತಿದ್ದುಪಡಿಯೂ ಈ ಸಭೆಯದೇ. ಅದನ್ನು ಪರೀಕ್ಷೆಗೊಡ್ಡಿದ್ದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಮೊಕದ್ದಮೆ. 1973ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟು, ತಿದ್ದಬಹುದು, ಆದರೆ ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದಿತು. ಹಾಗೆಂದ ಬಹುಮತದಲ್ಲಿದ್ದ, ಕಾರ್ಕಳದ ಕಡೆಯವರಾದ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ ಸೇರಿದಂತೆ ಮೂವರ ಹಿರಿತನವನ್ನು ಸರ್ಕಾರ ಕಡೆಗಣಿಸಿ, ಅವರಿಗಿಂತ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆಯವರ ಹೆಸರು ಮುಂದೆ ಮತ್ತೆ ಬರುತ್ತದೆ.

1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟು ಪ್ರಧಾನಿಯವರ ರಾಯಬರೇಲಿ ಆಯ್ಕೆಯನ್ನೇ ಅಸಿಂಧುಗೊಳಿಸಿತು. 24ರಂದು ಸುಪ್ರೀಂ ಕೋರ್ಟಿನಿಂದ ಷರತ್ತಿನ ತಡೆಯಾಜ್ಞೆ ಸಿಕ್ಕಿತು: ಅವರು ಸಭೆಗೆ ಬರಬಹುದು, ಮತ ಹಾಕುವಂತಿಲ್ಲ. ಮರುದಿನ ರಾತ್ರಿ ತುರ್ತು ಪರಿಸ್ಥಿತಿ.

ಅಂದು ಬೆಂಗಳೂರಿನಲ್ಲಿ ನಡೆದುದನ್ನು ಇಲ್ಲಿ ಹೇಳಲೇಬೇಕು. ಪಕ್ಷಾಂತರ ನಿಷೇಧ ಮಸೂದೆಯನ್ನು ಪರಿಶೀಲಿಸುತ್ತಿದ್ದ ಸಂಸತ್ತಿನ ಜಂಟಿ ಸಮಿತಿಯ ಸಭೆಗೆಂದು ಹಲವು ಸದಸ್ಯರು ಇಲ್ಲಿಗೆ ಬಂದಿದ್ದರು. ಲೋಕಸಭೆಯ ಅಟಲ್ ಬಿಹಾರಿ ವಾಜಪೇಯಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ, ರಾಜ್ಯಸಭೆಯ ಎಲ್.ಕೆ. ಅಡ್ವಾಣಿ ಅವರಲ್ಲಿದ್ದರು. ಜೂನ್ 26ರ ಬೆಳಿಗ್ಗೆ ಪೊಲೀಸರು ಅವರನ್ನು ಬಂಧಿಸಿ ಕೇಂದ್ರ ಕಾರಾಗೃಹಕ್ಕೆ ಕರೆದೊಯ್ದರು. ಇಂದು ಫ್ರೀಡಂ ಪಾರ್ಕ್ ಆಗಿರುವ ಜಾಗವೇ ಅದು. ಸಂಸತ್ತಿನ ಕೆಲಸಕ್ಕೆಂದು ಬಂದವರು ಕೈದಿಗಳಾದರು. ಅವರು ಚರ್ಚಿಸಬೇಕಿದ್ದ ಮಸೂದೆ ಆ ಲೋಕಸಭೆಯೊಂದಿಗೇ ಸತ್ತುಹೋಗಿ, ಪಕ್ಷಾಂತರ ನಿಷೇಧ ಕಾನೂನಾಗಲು 1985 ಬರಬೇಕಾಯಿತು.

ಜುಲೈ 21ಕ್ಕೆ ಸಂಸತ್ತು ಸೇರಿದಾಗ ಹಲವು ಸದಸ್ಯರು ಜೈಲಿನಲ್ಲಿದ್ದರು. ಆಳುವ ಪಕ್ಷದವರೇ ಆದ ಚಂದ್ರಶೇಖರ್, ರಾಮ್ ಧನ್ ಅವರಿಗೂ ವಿನಾಯಿತಿ ಇರಲಿಲ್ಲ. ಪ್ರಶ್ನೋತ್ತರ ವೇಳೆಯನ್ನು ಕೈಬಿಡಲಾಯಿತು. ಸದನದಲ್ಲಿ ಆಡಿದ ಮಾತು ಪತ್ರಿಕೆಯಲ್ಲಿ ಬರಬೇಕಾದರೆ ಸೆನ್ಸಾರ್ ಅಧಿಕಾರಿ ಒಪ್ಪಬೇಕಿತ್ತು. ಎ.ಕೆ. ಗೋಪಾಲನ್ ಅವರಂಥ ಕೆಲವರು ಎದ್ದು ನಿಂತು ವಿರೋಧಿಸಿದರೂ ಅದು ಊರಿಗೆ ಕೇಳಿಸಲಿಲ್ಲ. 336 ಮತಗಳು ಪರ, 59 ವಿರುದ್ಧ ಬಿದ್ದು ಲೋಕಸಭೆ ತುರ್ತು ಪರಿಸ್ಥಿತಿಗೆ ಒಪ್ಪಿಗೆ ನೀಡಿತು. ಪ್ರಧಾನಿಯ ಆಯ್ಕೆಯನ್ನು ನ್ಯಾಯಾಲಯದ ಕೈಗೆ ಸಿಗದಂತೆ ಮಾಡಿದ 39ನೇ ತಿದ್ದುಪಡಿಯನ್ನು ಆಗಸ್ಟ್ 7ರಂದು ಮಂಡಿಸಿ ಅಂದೇ ಅಂಗೀಕರಿಸಲಾಯಿತು. 10ರ ಹೊತ್ತಿಗೆ ರಾಷ್ಟ್ರಪತಿಗಳ ಅಂಕಿತವೂ ಆಯಿತು. ಕೇಶವಾನಂದ ಭಾರತಿ ತೀರ್ಪಿನ ಬಲದಿಂದಲೇ ಸುಪ್ರೀಂ ಕೋರ್ಟು ಮುಂದೆ ಅದರ ಮುಖ್ಯ ಭಾಗವನ್ನು ಹೊಡೆದುಹಾಕಿತು. ಇಂದಿರಾ ಅವರ ಆಯ್ಕೆಯನ್ನು ಮಾತ್ರ ಎತ್ತಿಹಿಡಿಯಿತು.

ಇನ್ನು ಅವಧಿಯ ವಿಷಯ. ಸಂವಿಧಾನದ 83ನೇ ವಿಧಿ, ತುರ್ತು ಪರಿಸ್ಥಿತಿ ಜಾರಿಯಲ್ಲಿದ್ದಾಗ ಲೋಕಸಭೆಯ ಅವಧಿಯನ್ನು ಒಂದು ಸಲಕ್ಕೆ ಒಂದು ವರ್ಷ ಮೀರದಂತೆ ವಿಸ್ತರಿಸಬಹುದು ಎನ್ನುತ್ತದೆ. ಹಾಗಾಗಿ 1976ರ ಫೆಬ್ರುವರಿಯಲ್ಲಿ ಮಾಡಿದ ಕಾಯ್ದೆ ಅಕ್ಷರಶಃ ಸಂವಿಧಾನಬದ್ಧವೇ. ಬ್ರಿಟನ್ನಿನಲ್ಲೂ 1935ರಲ್ಲಿ ಚುನಾಯಿತವಾದ ಸಂಸತ್ತು ಮಹಾಯುದ್ಧದ ಕಾರಣ 1945ರವರೆಗೆ ಉಳಿದಿತ್ತು ಎಂಬ ಪೂರ್ವನಿದರ್ಶನವಿದೆ. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಅಲ್ಲಿ ವಿರೋಧಪಕ್ಷ ಚರ್ಚಿಲ್ ಸಂಪುಟದೊಳಗಿತ್ತು, ಇಲ್ಲಿ ಜೈಲಿನೊಳಗಿತ್ತು.

ಇದನ್ನು ಒಪ್ಪದೆ ಸ್ಥಾನವನ್ನೇ ಬಿಟ್ಟವರು ಇಬ್ಬರು: ಬಿಹಾರದ ಬಾಂಕಾದಿಂದ ಗೆದ್ದಿದ್ದ ಸಮಾಜವಾದಿ ಮಧು ಲಿಮಯೆ, ಜಬಲ್ಪುರದ ಉಪಚುನಾವಣೆಯಲ್ಲಿ ಗೆದ್ದಿದ್ದ ತರುಣ ಶರದ್ ಯಾದವ್. ಇಬ್ಬರೂ ಸೆರೆಯಲ್ಲಿದ್ದರು. ಜನ ಕೊಟ್ಟದ್ದು ಐದು ವರ್ಷ, ಅದು ಮುಗಿಯಿತು ಎಂದು ರಾಜೀನಾಮೆ ಕಳಿಸಿದರು. ಸದನಕ್ಕೆ ಕಾಲಿಡಲೂ ಆಗದವರ ರಾಜೀನಾಮೆಯಿಂದ ಸರ್ಕಾರಕ್ಕೇನೂ ನಷ್ಟವಾಗಲಿಲ್ಲ ನಿಜ. ಆದರೂ ಆ ಹತ್ತು ತಿಂಗಳ ಲೆಕ್ಕದಲ್ಲಿ ನನಗೆ ದೊಡ್ಡದಾಗಿ ಕಾಣುವುದು ಈ ಎರಡು ಪತ್ರಗಳೇ.

1976ರ ನವೆಂಬರ್‌ನಲ್ಲಿ ಲೋಕಸಭೆ ತನಗೆ ಇನ್ನೊಂದು ವರ್ಷ ಕೊಟ್ಟುಕೊಂಡಿತು. ಅದೇ ತಿಂಗಳು, 59 ಕಲಮುಗಳ 42ನೇ ತಿದ್ದುಪಡಿಯ ಮೂಲಕ ಲೋಕಸಭೆಯ ಸಾಮಾನ್ಯ ಅವಧಿಯನ್ನೇ ಆರು ವರ್ಷಕ್ಕೇರಿಸಿತು. ವಿರೋಧಿಗಳು ಬಹುಪಾಲು ಬಹಿಷ್ಕರಿಸಿದ್ದರಿಂದ ಎದುರಾಗಿ ಬಿದ್ದದ್ದು ಬೆರಳೆಣಿಕೆಯ ಮತ. 1978ರ ಮಾರ್ಚ್‌ವರೆಗೆ ಚುನಾವಣೆಯ ಗೊಡವೆ ಇಲ್ಲ ಎಂದೇ ಎಲ್ಲರೂ ನಂಬಿದ್ದಾಗ, 1977ರ ಜನವರಿ 18ರಂದು ಇಂದಿರಾ ಅವರೇ ಚುನಾವಣೆ ಪ್ರಕಟಿಸಿದರು. ಯಾಕೆ ಎಂಬುದಕ್ಕೆ ಇಂದಿಗೂ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ.

352 ಇದ್ದದ್ದು 154ಕ್ಕಿಳಿಯಿತು. ಉತ್ತರ ಪ್ರದೇಶದ 85ರಲ್ಲಿ, ಬಿಹಾರದ 54ರಲ್ಲಿ ಕಾಂಗ್ರೆಸ್ಸಿಗೆ ಒಂದೂ ಸಿಗಲಿಲ್ಲ, ಪ್ರಧಾನಿಯೂ ಸೋತರು. ಕರ್ನಾಟಕ ಮಾತ್ರ ಬೇರೆ ದಾರಿ ಹಿಡಿದು 28ರಲ್ಲಿ 26 ಸ್ಥಾನಗಳನ್ನು ಕಾಂಗ್ರೆಸ್ಸಿಗೇ ಕೊಟ್ಟಿತು. ತಪ್ಪಿದ ಎರಡರಲ್ಲಿ ಒಂದು ಬೆಂಗಳೂರು ದಕ್ಷಿಣ. ಅಲ್ಲಿ ಗೆದ್ದವರು ಅದೇ ಕೆ.ಎಸ್. ಹೆಗ್ಡೆ. ಕೆಲವೇ ತಿಂಗಳಲ್ಲಿ ಅವರು ಆರನೆಯ ಲೋಕಸಭೆಯ ಅಧ್ಯಕ್ಷರಾದರು. ಅವರ ಅಧ್ಯಕ್ಷತೆಯ ಸದನವೇ 1978ರಲ್ಲಿ 44ನೇ ತಿದ್ದುಪಡಿಯನ್ನು ಅಂಗೀಕರಿಸಿ, ಅವಧಿಯನ್ನು ಮತ್ತೆ ಐದು ವರ್ಷಕ್ಕಿಳಿಸಿತು. 'ಆಂತರಿಕ ಕ್ಷೋಭೆ'ಯ ಹೆಸರಿನಲ್ಲಿ ತುರ್ತು ಪರಿಸ್ಥಿತಿ ಹೇರುವ ದಾರಿಯನ್ನು ಮುಚ್ಚಿ, ಸಶಸ್ತ್ರ ಬಂಡಾಯವಿದ್ದರೆ ಮಾತ್ರ ಎಂದು ಬರೆಯಿತು. ಅವಧಿ ವಿಸ್ತರಿಸಲು ಅವಕಾಶ ಕೊಡುವ 83ನೇ ವಿಧಿಯ ಆ ಮಾತು ಮಾತ್ರ ಸಂವಿಧಾನದಲ್ಲಿ ಈಗಲೂ ಇದೆ.