ಹನ್ನೊಂದು ಹೆಂಗಸರ ದಣಿದ ಕಣ್ಣು

ಜಾತ್ರೆಗೆ ಬಂದ ನಾಟಕ ಕಂಪನಿಯ ಡೇರೆ ಕಡೆಗೆ ಬೆಳಿಗ್ಗೆ ಹೊತ್ತು ಹೋಗಿದ್ದೀರಾ? ರಾತ್ರಿ ರಾಣಿಯಾಗಿ ಮೆರೆದವರು ಅರ್ಧ ಬಣ್ಣ ಅಳಿಸಿಕೊಂಡು ಟ್ರಂಕಿಗೆ ಒರಗಿ ಕೂತಿರುತ್ತಾರೆ. ಅದೇ ಮುಖವನ್ನು ನಾವು ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆ ಮೇಲೆ ಕಂಡೆವು.

ಅಲ್ಲಿಗೆ ಹೋದವರೆಲ್ಲ ಮೊದಲು ಹುಡುಕುವುದು ದೀಪ ಹಿಡಿದ ಹೆಂಗಸಿನ ಚಿತ್ರವನ್ನು. (ಅದು ರವಿವರ್ಮನದಲ್ಲ, ಎಸ್.ಎಲ್. ಹಲ್ದಣಕರ್ ಅವರದು. ನಾವೂ ಮೋಸ ಹೋಗಿದ್ದೆವು.) ನಾವು ಬಹಳ ಹೊತ್ತು ನಿಂತದ್ದು ರಾಜಾ ರವಿವರ್ಮ 1889ರಲ್ಲಿ ಬರೆದ 'ಗ್ಯಾಲಕ್ಸಿ ಆಫ್ ಮ್ಯೂಸಿಶಿಯನ್ಸ್' ಮುಂದೆ. ಹತ್ತನೇ ಚಾಮರಾಜೇಂದ್ರ ಒಡೆಯರಿಗಾಗಿ ಬರೆದದ್ದು ಅದು. ಬೇರೆ ಬೇರೆ ಸೀಮೆಯ, ಬೇರೆ ಬೇರೆ ಉಡುಪಿನ ಹನ್ನೊಂದು ಹೆಂಗಸರು ಒಂದೇ ಕಡೆ ಕೂಡಿದ್ದಾರೆ. ಕೇರಳದ ನಾಯರ್ ಹೆಂಗಸಿನ ಕೈಯಲ್ಲಿ ವೀಣೆ ಇದೆ.

ಒಡವೆ, ರೇಷ್ಮೆ ಯಾವುದಕ್ಕೂ ಕಡಿಮೆ ಇಲ್ಲ. ಆದರೆ ಮುಖಗಳಲ್ಲಿ ಕಳೆ ಇಲ್ಲ. ಯಾರೂ ಒಬ್ಬರನ್ನೊಬ್ಬರು ನೋಡುತ್ತಿಲ್ಲ. ಕೇಳುವವರೂ ಚಿತ್ರದೊಳಗಿಲ್ಲ. ದೂರದಿಂದ ಬಂದು, ಕಾಲು ಚಾಚುವ ಮೊದಲೇ "ಹಾಡಿ" ಅನ್ನಿಸಿಕೊಂಡವರ ಹಾಗಿದ್ದಾರೆ. ಇದು ದೇಶದ ಏಕತೆಯ ಚಿತ್ರ ಅನ್ನುವವರಿದ್ದಾರೆ. ನಮಗಂತೂ ದಣಿವೇ ಮೊದಲು ಕಂಡಿತು.

ಆ ಕಾಲಕ್ಕೆ ಮೈಸೂರಿನಲ್ಲಿ ಅರಮನೆಯದೇ ನಾಟಕ ಕಂಪನಿ ಇತ್ತು. ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದಿದ್ದರು. ಆದರೆ ಆಗಿನ ಕಂಪನಿಗಳಲ್ಲಿ ಹೆಣ್ಣಿನ ಪಾತ್ರಕ್ಕೂ ಗಂಡಸರೇ ಬಣ್ಣ ಹಚ್ಚುತ್ತಿದ್ದರು. ಹಾಡು ಕುಣಿತದಿಂದ ಬದುಕುವ ಹೆಂಗಸರಿಗೆ ಇದ್ದದ್ದು ಗುಡಿ, ದರ್ಬಾರು, ಮದುವೆ ಚಪ್ಪರ. 1909ರಲ್ಲಿ ಮೈಸೂರು ಸರ್ಕಾರ ಗುಡಿಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಆ ಪದ್ಧತಿಯಲ್ಲಿ ಹೆಣ್ಣುಮಕ್ಕಳು ಪಟ್ಟ ಪಾಡು ಸಣ್ಣದಲ್ಲ, ನಿಂತದ್ದು ಒಳ್ಳೆಯದೇ. ಆದರೆ ಅದರ ಜೊತೆಗೆ ಅವರ ಹಾಡಿನ ಜಾಗವೂ ಹೋಯಿತು. ಆರು ವರ್ಷದ ಮೇಲೆ, 1915ರಲ್ಲಿ, ಜಗನ್ಮೋಹನ ಅರಮನೆ ಚಿತ್ರಶಾಲೆಯಾಯಿತು.

ರವಿವರ್ಮ ಈ ಚಿತ್ರ ಬರೆಯುವಾಗ, ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಒಬ್ಬ ಹುಡುಗಿಗೆ ಹನ್ನೊಂದರ ಆಸುಪಾಸು. ದೇವದಾಸಿ ಮನೆತನದ ಮಗು. ಮುಂದೆ ಮೈಸೂರು, ಬೆಂಗಳೂರು, ಮದ್ರಾಸು ಅಂತ ಊರು ಬಿಟ್ಟು ಊರಿಗೆ ಹೋಗಿ ಹಾಡಿದರು. ದುಡಿದ ಹಣದಲ್ಲಿ ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು. ಅಲ್ಲಿನ ಆರಾಧನೆಯಲ್ಲಿ ಹೆಂಗಸರಿಗೆ ಹಾಡಲು ಬಿಡುತ್ತಿರಲಿಲ್ಲ. ಅದಕ್ಕೆ ಹೆಂಗಸರದೇ ಗುಂಪು ಕಟ್ಟಿ ಹಾಡಿದರು. ಅವರೇ ಬೆಂಗಳೂರು ನಾಗರತ್ನಮ್ಮ. 1952ರಲ್ಲಿ ತೀರಿಕೊಂಡರು. ಅವರ ಸಮಾಧಿಯೂ ಅಲ್ಲೇ, ತ್ಯಾಗರಾಜರ ಗುಡಿಯ ಹತ್ತಿರದಲ್ಲೇ ಇದೆ.