ಬಾಟಲಿ ಮುಚ್ಚುವ ಕಾರ್ಕ್‌ಗೆ ನೆಲದ ಮೇಲೆ ಇನ್ನೊಂದು ಮುಚ್ಚಳ ಯಾಕೆ?

ಈ ಸಲದ ವಿಷಯ ಕೇಳಿ ಕೆಲವರಿಗೆ ನಗು ಬರಬಹುದು: ಕಾರ್ಕ್ ನೆಲ. ಬಾಟಲಿಯ ಬಾಯಿಗೆ ತುರುಕುವ ಬೂಚು ಇದೆಯಲ್ಲ, ಅದೇ ಕಾರ್ಕ್, ಹಲಗೆಯ ರೂಪದಲ್ಲಿ ಮನೆಯ ನೆಲಕ್ಕೆ. ಪುಣೆಯಲ್ಲೋ ಹೈದರಾಬಾದಿನಲ್ಲೋ ಹೊಸ ಫ್ಲ್ಯಾಟ್ ತಗೊಂಡು ಇಂಟೀರಿಯರ್ ಮಾಡಿಸುವವರ ಮುಂದೆ ವುಡನ್ ಫ್ಲೋರಿಂಗ್, ವಿನೈಲ್ ಜೊತೆಗೆ ಒಮ್ಮೊಮ್ಮೆ ಇದರ ಸ್ಯಾಂಪಲ್ಲೂ ಬರುತ್ತದೆ. ಕಾಲಿಗೆ ಮೆತ್ತಗೆ, ಚಳಿಗಾಲದಲ್ಲೂ ತಣ್ಣಗಾಗಲ್ಲ, ಮಗು ಓಡಾಡಿದರೆ ಕೆಳಗಿನ ಮನೆಯವರು ಮೇಲೆ ಬಂದು ಬೆಲ್ ಮಾಡಲ್ಲ. ಇಷ್ಟೆಲ್ಲ ಹೇಳಿದ ಮೇಲೆ ಅಂಗಡಿಯವರು ಒಂದು ಮಾತು ಸೇರಿಸುತ್ತಾರೆ: ಕೂರಿಸಿದ ಮೇಲೆ ಸರಿಯಾಗಿ ಸೀಲ್ ಮಾಡಿಸಬೇಕು.

ಇಲ್ಲಿ ಸ್ವಲ್ಪ ನಿಂತು ಯೋಚನೆ ಮಾಡಿ. ನೂರಾರು ವರ್ಷದಿಂದ ವೈನ್ ಬಾಟಲಿಯನ್ನು ಸೀಲ್ ಮಾಡುತ್ತಿರುವುದೇ ಕಾರ್ಕ್. ಒಂದು ಹನಿ ಹೊರಗೆ ಬಿಡದೆ ದಶಕಗಟ್ಟಲೆ ಕೂತಿರುವ ವಸ್ತು ಅದು. ಅದಕ್ಕೇ ಇನ್ನೊಂದು ಸೀಲ್ ಯಾಕೆ ಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಹೋದರೆ ಕಾರ್ಕ್ ನೆಲದ ಪೂರ್ತಿ ಇತಿಹಾಸ ಸಿಗುತ್ತದೆ.

ಒಂಬತ್ತು ವರ್ಷದ ತೊಗಟೆ

ಕಾರ್ಕ್ ಅಂದರೆ ಕಾರ್ಕ್ ಓಕ್ ಮರದ ತೊಗಟೆ. ಪೋರ್ಚುಗಲ್, ಸ್ಪೇನ್, ಮೊರಾಕ್ಕೊ, ಅಲ್ಜೀರಿಯಾ, ಇಟಲಿಯ ಸಾರ್ಡೀನಿಯ, ಹೀಗೆ ಪಶ್ಚಿಮ ಮೆಡಿಟರೇನಿಯನ್ ಸುತ್ತಲಿನ ಮರ. ಜಗತ್ತಿನ ಸುಮಾರು ಅರ್ಧದಷ್ಟು ಕಾರ್ಕ್ ಪೋರ್ಚುಗಲ್ ಒಂದರಿಂದಲೇ ಬರುತ್ತದೆ, ಅದರಲ್ಲೂ ದಕ್ಷಿಣದ ಅಲೆಂಟೇಜೊ ಪ್ರಾಂತ್ಯದಿಂದ. ಮರವನ್ನು ಕಡಿಯುವುದಿಲ್ಲ. ಬೇಸಿಗೆಯಲ್ಲಿ, ಕೊಡಲಿ ಹಿಡಿದ ನುರಿತ ಕೆಲಸಗಾರರು ಒಳಪದರಕ್ಕೆ ಪೆಟ್ಟಾಗದ ಹಾಗೆ ತೊಗಟೆಯನ್ನು ಸುಲಿಯುತ್ತಾರೆ. ಕೊಡಲಿ ಒಂದಿಷ್ಟು ಆಳ ಹೋದರೂ ಮರಕ್ಕೆ ಗಾಯ. ಮೊದಲ ಸುಲಿತಕ್ಕೆ ಮರಕ್ಕೆ ಸುಮಾರು 25 ವರ್ಷ ಆಗಿರಬೇಕು. ಆಮೇಲೆ ಪ್ರತಿ 9 ವರ್ಷಕ್ಕೊಮ್ಮೆ. ಬೂಚಿಗೆ ತಕ್ಕ ನಯವಾದ ತೊಗಟೆ ಸಿಗುವುದು ಮೂರನೇ ಸುಲಿತದಲ್ಲಿ, ಅಂದರೆ ಮರಕ್ಕೆ 40 ದಾಟಿದ ಮೇಲೆ. ಸುಲಿದ ಮರದ ಮೇಲೆ ಆ ವರ್ಷದ ಕೊನೆಯ ಅಂಕಿಯನ್ನು ಬಣ್ಣದಲ್ಲಿ ಬರೆಯುತ್ತಾರೆ, ಮತ್ತೆ ಯಾವಾಗ ಬರಬೇಕು ಅಂತ ಲೆಕ್ಕ ಸಿಗಲಿ ಅಂತ.

ನಮ್ಮಲ್ಲೂ ಹೆಸರಿನಲ್ಲಿ ಇದಕ್ಕೊಂದು ನೆಂಟ ಇದೆ. ಬೆಂಗಳೂರಿನ ಹಳೇ ರಸ್ತೆಗಳಲ್ಲಿ ಬಿಳಿ ಹೂ ಉದುರಿಸುವ ಆಕಾಶಮಲ್ಲಿಗೆ ಮರ ನೆನಪಿದೆಯಲ್ಲ, ಪುಣೆಯವರು ಅದನ್ನೇ ‘ಬೂಚ್’ ಅನ್ನುತ್ತಾರೆ. ಇಂಗ್ಲಿಷರು ಕರೆದದ್ದು ಇಂಡಿಯನ್ ಕಾರ್ಕ್ ಟ್ರೀ ಅಂತ. ಅದರ ತೊಗಟೆಯಿಂದ ಕಳಪೆ ದರ್ಜೆಯ ಬೂಚು ಮಾಡುತ್ತಿದ್ದರು. ಆದರೆ ಅದು ಬೇರೆಯೇ ಕುಟುಂಬದ ಮರ. ನೆಲಕ್ಕೆ ಬರುವ ಕಾರ್ಕ್ ಮಾತ್ರ ಮೆಡಿಟರೇನಿಯನ್‌ನದ್ದೇ.

ಕಾರ್ಕ್ ಯಾಕೆ ನೀರು ಬಿಡಲ್ಲ ಅನ್ನೋದಕ್ಕೆ ಮೊದಲ ಸುಳಿವು ಕೊಟ್ಟದ್ದು ರಾಬರ್ಟ್ ಹುಕ್. 1665ರಲ್ಲಿ ಪ್ರಕಟವಾದ ‘ಮೈಕ್ರೋಗ್ರಾಫಿಯಾ’ ಪುಸ್ತಕದಲ್ಲಿ ಕಾರ್ಕಿನ ತೆಳು ಸೀಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕಂಡ ಪುಟ್ಟ ಪೆಟ್ಟಿಗೆಗಳಿಗೆ ‘ಸೆಲ್’ ಅಂತ ಹೆಸರಿಟ್ಟ. ನಾವು ಹೈಸ್ಕೂಲಿನಲ್ಲಿ ಓದಿದ ಜೀವಕೋಶದ ಹೆಸರು ಹುಟ್ಟಿದ್ದು ಇದೇ ತೊಗಟೆಯಿಂದ. ಒಂದು ಇಂಚಿನ ಉದ್ದದಲ್ಲಿ ಸುಮಾರು 1,080 ಪೆಟ್ಟಿಗೆ, ಹಾಗಾಗಿ ಒಂದು ಘನ ಇಂಚಿನಲ್ಲಿ 125 ಕೋಟಿಗೂ ಹೆಚ್ಚು ಅಂತ ಆತ ಗುಣಿಸಿ ಬರೆದಿದ್ದಾನೆ. ಪ್ರತಿ ಪೆಟ್ಟಿಗೆಯೂ ಗಾಳಿ ತುಂಬಿ ಮುಚ್ಚಿಕೊಂಡಿದೆ. ಗೋಡೆಯಲ್ಲಿ ಸುಬೆರಿನ್ ಅನ್ನುವ ಮೇಣದಂಥ ಪದಾರ್ಥ ಇದೆ. ಮೆತ್ತಗಿರುವುದು, ಬಿಸಿ ಹೋಗಗೊಡದಿರುವುದು, ಸದ್ದು ನುಂಗುವುದು, ಎಲ್ಲಕ್ಕೂ ಇದೇ ಕಾರಣ.

ಆದರೆ ತೊಗಟೆಯಲ್ಲಿ ಒಂದು ದೋಷವೂ ಇದೆ. ಮರ ಉಸಿರಾಡಲು ಒಳಗಿನಿಂದ ಹೊರಕ್ಕೆ ಸಣ್ಣ ಸಣ್ಣ ಕೊಳವೆಗಳಿರುತ್ತವೆ. ಬೂಚು ಕೊರೆಯುವವರು ಈ ಕೊಳವೆಗಳು ಬೂಚಿನ ಉದ್ದಕ್ಕೆ ಬರದೆ ಅಡ್ಡಕ್ಕೆ ಬರುವ ಹಾಗೆ ಕೊರೆಯುತ್ತಾರೆ. ಅಡ್ಡಕ್ಕಿದ್ದರೆ ಕೊಳವೆಯ ಎರಡೂ ಬಾಯಿಗೆ ಬಾಟಲಿಯ ಗಾಜೇ ಮುಚ್ಚಳ. ಅಂದರೆ ಬೂಚು ಸೀಲ್ ಆಗುವುದು ಬರೀ ವಸ್ತುವಿನ ಗುಣದಿಂದಲ್ಲ, ಕತ್ತರಿಸಿದ ದಿಕ್ಕಿನಿಂದ, ಮತ್ತೆ ಸುತ್ತಲೂ ಒತ್ತಿ ಹಿಡಿದ ಗಾಜಿನಿಂದ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಪುಡಿಯಿಂದ ನೆಲಕ್ಕೆ

ಚೌಕದ ಹಲಗೆಯಿಂದ ದುಂಡನೆಯ ಬೂಚು ಕೊರೆದರೆ ಏನಾಗುತ್ತದೆ? ದೋಸೆ ಹಿಟ್ಟಿನ ಹಾಗೆ ಉಳಿದದ್ದನ್ನು ಮತ್ತೆ ಸುರಿಯಲು ಬರಲ್ಲ. ತೊಗಟೆಯ ದೊಡ್ಡ ಪಾಲು ಚೂರಾಗಿ ಉಳಿಯುತ್ತದೆ. ಕಾರ್ಕ್ ನೆಲ ಹುಟ್ಟಿದ್ದು ಈ ಚೂರಿನಿಂದ. ಇವತ್ತಿಗೂ ಹಣ ಬರುವುದು ಬೂಚಿನಿಂದ. ನೆಲ ಅದರ ಬೈ-ಪ್ರಾಡಕ್ಟ್.

ಮೊದಲ ಪ್ರಯತ್ನ ನಡೆದದ್ದು ಇಂಗ್ಲೆಂಡಿನಲ್ಲಿ. 1844ರಲ್ಲಿ ಎಲೈಜಾ ಗ್ಯಾಲೋವೆ ರಬ್ಬರು ಮತ್ತು ಕಾರ್ಕ್ ಪುಡಿ ಬೆರೆಸಿದ ಕ್ಯಾಂಪ್ಟುಲಿಕಾನ್ ಅನ್ನುವ ನೆಲಹಾಸಿಗೆ ಪೇಟೆಂಟ್ ಪಡೆದ. ರಬ್ಬರು ದುಬಾರಿ. ಆಮೇಲೆ ಬಂದವನು ಫ್ರೆಡರಿಕ್ ವಾಲ್ಟನ್. ಪೇಂಟ್ ಡಬ್ಬಿಯ ಮೇಲೆ ಹಾಲಿನ ಕೆನೆಯ ಹಾಗೆ ಕಟ್ಟಿದ ರಬ್ಬರಿನಂಥ ಪದರ ನೋಡಿ ಅವನಿಗೆ ಹೊಳೆಯಿತು ಅನ್ನುತ್ತಾರೆ: ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗುತ್ತದೆ. ಆ ಎಣ್ಣೆಗೆ ಕಾರ್ಕ್ ಪುಡಿ ಬೆರೆಸಿ ಬಟ್ಟೆಯ ಮೇಲೆ ಒತ್ತಿದ. 1863ರ ಪೇಟೆಂಟ್, ಹೆಸರು ಲಿನೋಲಿಯಂ.

ಈ ಕಥೆಯಲ್ಲಿ ಭಾರತವೂ ಇದೆ. ಲಿನೋಲಿಯಂ ಬೆನ್ನಿಗೆ ಹಚ್ಚುವ ಬಟ್ಟೆ ಸೆಣಬಿನದ್ದು, ಆ ಸೆಣಬು ಬಂಗಾಳದ್ದು. ಸ್ಕಾಟ್ಲೆಂಡಿನ ಡಂಡೀ ಗಿರಣಿಗಳಲ್ಲಿ ನೇಯ್ಗೆಯಾಗಿ, ಹತ್ತಿರದ ಕರ್ಕಾಲ್ಡಿಯ ಲಿನೋಲಿಯಂ ಕಾರ್ಖಾನೆಗಳಿಗೆ ಹೋಗುತ್ತಿತ್ತು. ಅಗಸೆ ಬೀಜವೂ ಭಾರತದಿಂದ ಹಡಗು ತುಂಬ ಹೋಗುತ್ತಿತ್ತು. ನಮ್ಮ ಉತ್ತರ ಕರ್ನಾಟಕದವರು ರೊಟ್ಟಿ ಜೊತೆ ತಿನ್ನುವ ಅಗಸಿ ಚಟ್ನಿಯದ್ದೇ ಬೀಜ ಅದು. ಲಿನೋಲಿಯಂನಲ್ಲಿ ಕಾರ್ಕ್ ಕಣಗಳು ಎಣ್ಣೆಯೊಳಗೆ ಮುಳುಗಿಹೋಗಿರುತ್ತವೆ. ನೀರನ್ನು ತಡೆಯುವ ಕೆಲಸ ಎಣ್ಣೆಯದ್ದು.

ಪೂರ್ತಿ ಕಾರ್ಕಿನದೇ ಹಲಗೆ ಬರಬೇಕಾದರೆ 1890ರ ದಶಕಕ್ಕೆ ಬರಬೇಕು. ನ್ಯೂಯಾರ್ಕಿನಲ್ಲಿ ಜಾನ್ ಸ್ಮಿತ್ ಅನ್ನುವವನು ಕಾರ್ಕ್ ಚೂರು ತುಂಬಿಸಿ ಜೀವರಕ್ಷಕ ಜಾಕೆಟ್ ಮಾಡುತ್ತಿದ್ದ. ಚೂರು ತುಂಬಿದ ತಗಡಿನ ಕೊಳವೆಯೊಂದು ಬಿಸಿ ಬೂದಿಯಲ್ಲಿ ಉಳಿದು, ಬೆಳಿಗ್ಗೆ ನೋಡಿದರೆ ಒಳಗಿನ ಚೂರೆಲ್ಲ ಒಂದಕ್ಕೊಂದು ಅಂಟಿ ಗಟ್ಟಿ ಕಂದು ಉರುಳೆಯಾಗಿತ್ತು ಅಂತ ಕಥೆ. ಕಥೆ ಹೇಗೇ ಇರಲಿ, ತತ್ವ ಸರಿ: ಒತ್ತಿ ಬಿಸಿ ಮಾಡಿದರೆ ಕಾರ್ಕ್ ತನ್ನದೇ ಅಂಟಿನಿಂದ ಅಂಟಿಕೊಳ್ಳುತ್ತದೆ. ಇಲ್ಲಿಂದ ಕಾರ್ಕ್ ಟೈಲ್ ಶುರು.

ಈಗ ಮೊದಲ ಪ್ರಶ್ನೆಗೆ ಉತ್ತರ ಕಾಣಿಸುತ್ತದೆ ನೋಡಿ. ಬೂಚು ಒಂದೇ ತುಂಡು, ದಿಕ್ಕು ನೋಡಿ ಕೊರೆದದ್ದು, ಸುತ್ತ ಗಾಜು ಇದೆ. ನೆಲದ ಹಲಗೆ ಸಾವಿರಾರು ಚೂರು ಅಂಟಿಸಿದ್ದು. ಚೂರುಗಳಿಗೆ ದಿಕ್ಕಿಲ್ಲ, ನಡುವೆ ಸಂದಿ ಇದೆ, ಮೇಲ್ಮೈಯಲ್ಲಿ ಕತ್ತರಿಸಿದ ಪೆಟ್ಟಿಗೆಗಳು ಬಾಯಿ ತೆರೆದಿವೆ. ಹಲಗೆಗೂ ಹಲಗೆಗೂ ನಡುವೆ ಇನ್ನೊಂದು ಸಂದಿ. ವಸ್ತು ಒಂದೇ, ಆದರೆ ಸೀಲ್ ಮಾಡುವ ಗುಣ ಪುಡಿಯಾಗುವಾಗಲೇ ಹೋಯಿತು. ಅದನ್ನು ಹೊರಗಿನಿಂದ ಮತ್ತೆ ಸೇರಿಸಬೇಕು.

ಮೇಣ ಹಚ್ಚಿದ ಕೈಗಳು

20ನೇ ಶತಮಾನದ ಮೊದಲರ್ಧದಲ್ಲಿ ಅಮೆರಿಕ, ಯೂರೋಪಿನಲ್ಲಿ ಕಾರ್ಕ್‌ಗೆ ಒಳ್ಳೆಯ ಕಾಲ. ಸದ್ದು ಬೇಡದ ಕಡೆಗೆಲ್ಲ ಅದು ಹೋಯಿತು: ಗ್ರಂಥಾಲಯ, ಚರ್ಚು, ಆಸ್ಪತ್ರೆ. ಫ್ರೆಂಚ್ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ಟ್ 1910ರಲ್ಲಿ ಪ್ಯಾರಿಸ್ಸಿನ ತನ್ನ ಮಲಗುವ ಕೋಣೆಯ ಗೋಡೆಗೆಲ್ಲ ಕಾರ್ಕ್ ಹೊಡೆಸಿ, ಬೀದಿಯ ಗದ್ದಲ ತಡೆದು ಬರೆಯುತ್ತಿದ್ದ. 1930ರ ದಶಕದಲ್ಲಿ ಫ್ರಾಂಕ್ ಲಾಯ್ಡ್ ರೈಟ್ ಪೆನ್ಸಿಲ್ವೇನಿಯಾದಲ್ಲಿ ಜಲಪಾತದ ಮೇಲೆ ಕಟ್ಟಿದ ಫಾಲಿಂಗ್‌ವಾಟರ್ ಮನೆಯ ಬಚ್ಚಲುಮನೆಗಳಿಗೆ ನೆಲಕ್ಕೂ ಗೋಡೆಗೂ ಕಾರ್ಕ್ ಟೈಲನ್ನೇ ಹಾಕಿಸಿದ. ಹೌದು, ಬಚ್ಚಲಿಗೆ!

ಅದು ಸಾಧ್ಯವಾದದ್ದು ಮೇಣದಿಂದ. ಆ ಕಾಲದ ಸೀಲ್ ಅಂದರೆ ಮೇಣ ಅಥವಾ ವಾರ್ನಿಶ್. ಮೇಣ ಸವೆಯುತ್ತದೆ, ಮತ್ತೆ ಹಚ್ಚಬೇಕು, ಮತ್ತೆ ಉಜ್ಜಬೇಕು. ಮನೆಯಲ್ಲಿ ಕೆಲಸದವರು ಇದ್ದರೆ, ಗ್ರಂಥಾಲಯಕ್ಕೆ ಸಿಬ್ಬಂದಿ ಇದ್ದರೆ ಇದು ನಡೆಯಿತು. ಇಲ್ಲದ ಮನೆಯಲ್ಲಿ ಮಂಡಿಯೂರಿ ಉಜ್ಜಿದ್ದು ಗೃಹಿಣಿಯೇ. ನಮ್ಮ ಅಜ್ಜಿಯರು ಸೆಗಣಿ ಸಾರಿಸಿದ ಹಾಗೆಯೇ: ನೆಲ ಚೆನ್ನಾಗಿತ್ತು ಅಂತ ನಾವು ನೆನಪಿಸಿಕೊಳ್ಳುತ್ತೇವೆ, ಸಾರಿಸಿದವರ ಸೊಂಟನೋವನ್ನಲ್ಲ.

ಹಾಗಾಗಿ ಮುಂದೆ ಆದದ್ದರಲ್ಲಿ ಆಶ್ಚರ್ಯವಿಲ್ಲ. 1926ರಲ್ಲಿ ಬಿ. ಎಫ್. ಗುಡ್‌ರಿಚ್ ಕಂಪನಿಯ ವಾಲ್ಡೊ ಸೆಮನ್ ಪಿವಿಸಿಯನ್ನು ಮೆತ್ತಗಾಗಿಸುವ ದಾರಿ ಕಂಡುಕೊಂಡಿದ್ದ. 1933ರ ಷಿಕಾಗೊ ವಿಶ್ವಮೇಳದಲ್ಲಿ ವಿನೈಲ್ ಟೈಲ್ ಜನರ ಕಣ್ಣಿಗೆ ಬಿತ್ತು. ಎರಡನೇ ಮಹಾಯುದ್ಧದಲ್ಲಿ ಅಟ್ಲಾಂಟಿಕ್ ದಾಟಿ ಬರಬೇಕಾದ ಕಾರ್ಕ್ ಅಮೆರಿಕದಲ್ಲಿ ದುರ್ಲಭವಾಯಿತು. ಕ್ರೌನ್ ಕಾರ್ಕ್ ಅಂಡ್ ಸೀಲ್ ಕಂಪನಿಯ ಚಾರ್ಲ್ಸ್ ಮೆಕ್‌ಮ್ಯಾನಸ್ ಕ್ಯಾಲಿಫೋರ್ನಿಯಾದಲ್ಲಿ ಕಾರ್ಕ್ ಓಕ್ ನೆಡಿಸಲು ಹೊರಟ. ಆದರೆ 25 ವರ್ಷ ಕಾಯಬೇಕಾದ ಮರ ಯುದ್ಧಕ್ಕೆ ಒದಗುತ್ತದೆಯೇ? ಯುದ್ಧ ಮುಗಿದ ಮೇಲೆ ವಿನೈಲ್ ಮನೆ ಮನೆಗೂ ಬಂತು, ಆಮೇಲೆ ‘ನೋ-ವ್ಯಾಕ್ಸ್’ ಅನ್ನುವ ಹೆಸರಿನಲ್ಲೇ ಮಾರಾಟವಾಯಿತು. ಸೋತದ್ದು ಕಾರ್ಕ್ ಅಲ್ಲ, ಅದರ ಮೇಲಿನ ಮೇಣ. ಇನ್ನೂ ಸರಿಯಾಗಿ ಹೇಳಬೇಕಂದರೆ, ಮೇಣ ಹಚ್ಚಲು ಯಾರಿಗೂ ಪುರುಸೊತ್ತಿರಲಿಲ್ಲ.

ಮೇಲ್ಪದರ ಬದಲಾಯಿತು, ಸಂದಿ ಉಳಿಯಿತು

ಕಾರ್ಕ್ ಮತ್ತೆ ಬಂದದ್ದು ಪಾಲಿಯುರೆಥೇನ್ ಜೊತೆಗೆ. 1937ರಲ್ಲಿ ಜರ್ಮನಿಯ ಓಟೊ ಬಾಯರ್ ತಂಡ ಕಂಡುಹಿಡಿದ ಈ ಪ್ಲಾಸ್ಟಿಕ್, ದಶಕಗಳ ನಂತರ ನೆಲದ ಲೇಪವಾಗಿ ಮೇಣದ ಜಾಗಕ್ಕೆ ಬಂತು. ತಿಂಗಳಿಗೊಮ್ಮೆ ಉಜ್ಜುವುದು ಹೋಗಿ, ಕೆಲವು ವರ್ಷಕ್ಕೊಮ್ಮೆ ಹೊಸ ಕೋಟ್ ಸಾಕು ಅನ್ನುವ ಸ್ಥಿತಿ. 1990ರ ದಶಕದ ಕೊನೆಗೆ ಅಂಟಿಲ್ಲದೆ ಕ್ಲಿಕ್ ಮಾಡಿ ಕೂರಿಸುವ ಹಲಗೆ ಬಂತು. ಇವತ್ತು ‘ಕಾರ್ಕ್ ಪ್ಲ್ಯಾಂಕ್’ ಅಂತ ಸಿಗುವ ಬಹುಪಾಲು ಮಾಲು ಸ್ಯಾಂಡ್‌ವಿಚ್: ಮೇಲೆ ತೆಳು ಕಾರ್ಕ್, ನಡುವೆ ಎಚ್‌ಡಿಎಫ್ ಅನ್ನುವ ಒತ್ತಿದ ಮರದ ಪುಡಿಯ ಹಲಗೆ, ಕೆಳಗೆ ಮತ್ತೆ ಕಾರ್ಕ್. ಇದರಲ್ಲಿ ನೀರಿಗೆ ಹೆದರುವುದು ಕಾರ್ಕ್ ಅಲ್ಲ, ನಡುವಿನ ಎಚ್‌ಡಿಎಫ್. ಸಂದಿಯಿಂದ ನೀರಿಳಿದರೆ ಅದು ಉಬ್ಬುತ್ತದೆ, ಅಂಚು ಮೇಲೇಳುತ್ತದೆ, ಮತ್ತೆ ಕೂರಲ್ಲ.

ಇಷ್ಟು ಗೊತ್ತಿದ್ದರೆ ಕೂರಿಸುವ ಸೂಚನೆಗಳನ್ನು ಬಾಯಿಪಾಠ ಮಾಡಬೇಕಿಲ್ಲ, ಕಾರಣ ತಾನೇ ಗೊತ್ತಾಗುತ್ತದೆ. ಹಲಗೆಗಳನ್ನು 48ರಿಂದ 72 ಗಂಟೆ ಅದೇ ಕೋಣೆಯಲ್ಲಿ ಇಡಿ ಅನ್ನುತ್ತಾರೆ, ಯಾಕೆಂದರೆ ಕಾರ್ಕ್ ಮತ್ತು ಎಚ್‌ಡಿಎಫ್ ಎರಡೂ ಗಾಳಿಯ ತೇವಕ್ಕೆ ಹಿಗ್ಗಿ ಕುಗ್ಗುತ್ತವೆ. ಮುಂಬೈ ಮಳೆಗಾಲದಲ್ಲಿ ಕೂರಿಸಿದ್ದು ಬೇಸಿಗೆಯಲ್ಲಿ ಕುಗ್ಗುತ್ತದೆ, ಬೇಸಿಗೆಯಲ್ಲಿ ಕೂರಿಸಿದ್ದು ಮಳೆಗೆ ಹಿಗ್ಗುತ್ತದೆ. ಅದಕ್ಕೇ ಗೋಡೆಯ ಬದಿಗೆ ಸುಮಾರು 10 ಮಿ.ಮೀ. ಜಾಗ ಬಿಟ್ಟು ಸ್ಕರ್ಟಿಂಗ್‌ನಿಂದ ಮುಚ್ಚುವುದು. ಹೊಸ ಕಾಂಕ್ರೀಟು ಕೆಳಗಿನಿಂದಲೂ ತೇವ ಬಿಡುತ್ತದೆ. ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಬದಿ ಟೇಪ್ ಹಚ್ಚಿ ಒಂದೆರಡು ದಿನ ಬಿಟ್ಟು ನೋಡಿ. ಅಡಿಯಲ್ಲಿ ಬೆವರಿದ್ದರೆ ಕೆಲಸ ನಿಲ್ಲಿಸಿ, ಸ್ಲ್ಯಾಬ್ ಒಣಗಲಿ. ಬೆವರು ಕಾಣದಿದ್ದರೂ ಹಲಗೆಯ ಕೆಳಗೆ ತೇವ ತಡೆಯುವ ಹಾಳೆ ಬೇಕು.

ಸೀಲ್ ವಿಷಯದಲ್ಲಿ ಕೇಳಬೇಕಾದ್ದು ಎರಡೇ. ಮೊದಲನೆಯದು, ಇದು ಅಂಟಿಸುವ ಶುದ್ಧ ಕಾರ್ಕ್ ಟೈಲೋ, ಕ್ಲಿಕ್ ಹಲಗೆಯೋ? ಟೈಲಾದರೆ ಕೂರಿಸಿದ ಮೇಲೆ ನೀರು ಆಧಾರಿತ ಪಾಲಿಯುರೆಥೇನನ್ನು ಎರಡು ಮೂರು ತೆಳು ಕೋಟ್ ಹಚ್ಚಬಹುದು, ನಡುವೆ ಹಗುರವಾಗಿ ಉಜ್ಜಿಕೊಂಡು. ಆಗ ಸಂದಿಯೂ ಮುಚ್ಚುತ್ತದೆ. ಎರಡನೆಯದು, ಕಾರ್ಖಾನೆಯಲ್ಲೇ ಲೇಪ ಆಗಿದ್ದರೆ ಅದರ ಮೇಲೆ ಹೊಸ ಕೋಟ್ ಹಿಡಿಯುತ್ತದೆಯೇ? ಕೆಲವು ಗಟ್ಟಿ ಲೇಪದ ಮೇಲೆ ಏನೂ ಹಿಡಿಯಲ್ಲ. ತಯಾರಕರಿಂದ ಬರಹದಲ್ಲಿ ಉತ್ತರ ತಗೊಳ್ಳಿ. ಎಚ್‌ಡಿಎಫ್ ಹಲಗೆಯನ್ನಂತೂ ಬಚ್ಚಲಿಗೆ ಹಾಕಬೇಡಿ. ಫಾಲಿಂಗ್‌ವಾಟರ್‌ನಲ್ಲಿ ನಡುವೆ ಎಚ್‌ಡಿಎಫ್ ಇರಲಿಲ್ಲ. ಬಕೆಟ್ ನೀರು ಸುರಿದು ಒರೆಸುವ ನಮ್ಮ ಅಭ್ಯಾಸವೂ ಇದಕ್ಕೆ ಆಗಲ್ಲ, ಹಿಂಡಿದ ಬಟ್ಟೆ ಸಾಕು. ಇದನ್ನು ಮನೆ ಕೆಲಸಕ್ಕೆ ಬರುವವರಿಗೆ ಮೊದಲ ದಿನವೇ ಹೇಳಬೇಕು.

ಕೊನೆಯದಾಗಿ ಒಂದು ಮಾತು. ಪೋರ್ಚುಗಲ್‌ನಲ್ಲಿ ಕಾರ್ಕ್ ಓಕ್ ಕಡಿಯಲು ಕಾನೂನಿನ ಅಡ್ಡಿ ಇದೆ; 2011ರಲ್ಲಿ ಅದನ್ನು ರಾಷ್ಟ್ರೀಯ ವೃಕ್ಷ ಅಂತ ಘೋಷಿಸಿದರು. ಆದರೂ ಆ ಕಾಡನ್ನು ಕಾದಿರುವುದು ಮುಖ್ಯವಾಗಿ ತೊಗಟೆಗೆ ಸಿಗುವ ಬೆಲೆ. ವೈನ್ ಬಾಟಲಿಗೆ ತಿರುಪಿನ ಲೋಹದ ಮುಚ್ಚಳ, ಪ್ಲಾಸ್ಟಿಕ್ ಬೂಚು ಬಂದಾಗ ಅಲ್ಲಿನ ರೈತರು ಗಾಬರಿಯಾದದ್ದು ಇದಕ್ಕೇ. ಚೂರು ಕೂಡ ಮಾರಾಟವಾದರೆ ಮರ ನಿಲ್ಲುವುದಕ್ಕೆ ಇನ್ನೊಂದು ಕಾರಣ ಸಿಗುತ್ತದೆ. ಆ ಮಟ್ಟಿಗೆ ಕಾರ್ಕ್ ನೆಲ ಒಳ್ಳೆಯ ಆಯ್ಕೆ.

ಆದರೆ ನಮ್ಮಲ್ಲಿ ತುಂಬ ಜನ ಇರುವುದು 11 ತಿಂಗಳ ಅಗ್ರಿಮೆಂಟಿನ ಮನೆಯಲ್ಲಿ. ಆ ಮರ ಒಂದು ಸಲ ತೊಗಟೆ ಕೊಡಲು ತೆಗೆದುಕೊಳ್ಳುವ 9 ವರ್ಷದಲ್ಲಿ ನಾವು ಮೂರು ನಗರ, ನಾಲ್ಕು ಕಂಪನಿ ಬದಲಿಸಿರುತ್ತೇವೆ. ಸ್ವಂತ ಫ್ಲ್ಯಾಟ್ ತಗೊಂಡರೂ ಆನ್‌ಸೈಟ್ ಬಂದರೆ ಬಾಡಿಗೆಗೆ ಕೊಟ್ಟು ಹೊರಡುತ್ತೇವೆ. ಹಾಗಾಗಿ ಹಾಕಿಸುವ ಮೊದಲು ಚದರಡಿಗೆ ಎಷ್ಟು ಅಂತ ಕೇಳುವ ಜೊತೆಗೆ, ಮುಂದಿನ ಕೋಟ್ ಯಾರು ಹಚ್ಚುತ್ತಾರೆ ಅಂತ ನಮ್ಮನ್ನೇ ಕೇಳಿಕೊಳ್ಳೋಣ. ಅದಕ್ಕೆ ಮನೆಯಲ್ಲಿ ಒಬ್ಬರ ಹೆಸರು ಹೇಳಲು ಬಂದರೆ ಧಾರಾಳವಾಗಿ ಹಾಕಿಸಿ. ಬರದಿದ್ದರೆ ಟೈಲ್ ಮೇಲೊಂದು ಜಮಖಾನ ಹಾಸಿಕೊಂಡು ಆರಾಮಾಗಿರಿ, ಅದನ್ನು ಸುತ್ತಿಕೊಂಡು ಮುಂದಿನ ಊರಿಗೂ ಒಯ್ಯಬಹುದು.