ಬಂಗು, ಬಿಸಿಲು ಮತ್ತು 1975

ನಮ್ಮ ತಾಯಂದಿರು ಬಂಗು ಎನ್ನುತ್ತಿದ್ದ, ಆಯುರ್ವೇದವು ವ್ಯಂಗವೆಂದು ಹೆಸರಿಸಿದ ಕೆನ್ನೆಯ ಕಪ್ಪುಛಾಯೆಯು ಸಿಡ್ನಿ, ಮೆಲ್ಬರ್ನ್‌ಗಳ ಕನ್ನಡ ಮನೆಗಳಲ್ಲಿ ಇಂದಿಗೂ ಮಾತಿಗೆ ಬರುತ್ತದೆ. ಬಸಿರಿನಲ್ಲಿ ಮೂಡಿತೆಂದು ಒಬ್ಬರು, ಈ ನೆಲದ ಬಿಸಿಲು ತಂದಿತೆಂದು ಇನ್ನೊಬ್ಬರು. ಇಬ್ಬರ ಮಾತಿನಲ್ಲೂ ಸತ್ಯವಿದೆ. ಅರಿಶಿನ, ಕಡಲೆಹಿಟ್ಟುಗಳಿದ್ದ ಕಡೆ ಈಗ ಪೀಲ್, ಲೇಸರ್‌ಗಳು ಬಂದಿವೆ. ಅವು ನಮ್ಮ ಮುಖದವರೆಗೆ ಬಂದ ದಾರಿಯನ್ನು ನಾವು ಅಷ್ಟಾಗಿ ವಿಚಾರಿಸಿಲ್ಲ.

ನಾವು ಇಲ್ಲಿಗೆ ಬಂದ ದಾರಿಯೂ ಮೈಬಣ್ಣದ ಕಥೆಯೇ. 1901ರ ವಲಸೆ ನಿರ್ಬಂಧ ಕಾಯ್ದೆಯು ಐರೋಪ್ಯ ಭಾಷೆಯೊಂದರಲ್ಲಿ ಉಕ್ತಲೇಖನ ಬರೆಸಿ, ಬೇಡವಾದವರನ್ನು ಬಂದರಿನಿಂದಲೇ ಹಿಂದಟ್ಟುತ್ತಿತ್ತು. ಆ ಪರೀಕ್ಷೆ 1958ರಲ್ಲಿ ರದ್ದಾಯಿತು. 1973ರಲ್ಲಿ ವಿಟ್ಲಮ್ ಸರ್ಕಾರವು ಜನಾಂಗದ ಮಾನದಂಡವನ್ನೇ ಕೈಬಿಟ್ಟಿತು.

ಎರಡು ವರ್ಷಗಳ ತರುವಾಯ, 1975ರಲ್ಲಿ, ಒಂದರ ಸುಳಿವು ಇನ್ನೊಂದಕ್ಕಿಲ್ಲದೆ ಮೂರು ಸಂಗತಿಗಳು ನಡೆದವು. ಹಾರ್ವರ್ಡ್‌ನ ಥಾಮಸ್ ಫಿಟ್ಜ್‌ಪ್ಯಾಟ್ರಿಕ್, ಬಿಸಿಲಿಗೆ ಸುಡುವ ಮತ್ತು ಕಂದುವ ಬಗೆಯನ್ನು ಅನುಸರಿಸಿ ಚರ್ಮವನ್ನು ವಿಂಗಡಿಸಿದರು. ಮೊದಲ ಪಟ್ಟಿಯ ನಾಲ್ಕೂ ವರ್ಗಗಳು ಬಿಳಿಯರವೇ. ಕಂದು, ಕಪ್ಪು ಚರ್ಮಗಳಿಗೆ ಐದನೆಯ ಮತ್ತು ಆರನೆಯ ಸ್ಥಾನಗಳು ದೊರೆತದ್ದು ಅನಂತರ. ಕ್ಲಿಗ್‌ಮನ್ ಮತ್ತು ವಿಲ್ಲಿಸ್ ಅವರು ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಸ್ಟೀರಾಯ್ಡ್‌ಗಳನ್ನು ಬೆರೆಸಿದ ಲೇಪವನ್ನು ಪ್ರಕಟಿಸಿದರು. ಬಂಗಿನ ಚಿಕಿತ್ಸೆಯಲ್ಲಿ ಆ ಮಿಶ್ರಣದ ಸಂತತಿ ಇಂದಿಗೂ ಬಳಕೆಯಲ್ಲಿದೆ. ಭಾರತದಲ್ಲಿ ಹಿಂದುಸ್ತಾನ್ ಲಿವರ್ ಸಂಸ್ಥೆಯು ಫೇರ್ ಅಂಡ್ ಲವ್ಲಿಯನ್ನು ಮಾರುಕಟ್ಟೆಗೆ ತಂದಿತು. 2020ರಲ್ಲಿ ಅದರ ಹೆಸರಿನ ಫೇರ್ ಹೋಗಿ ಗ್ಲೋ ಬಂದಿತು. ಮನೋಭಾವಕ್ಕೆ ಹೊಸ ಹೆಸರಿಡುವುದು ಅಷ್ಟು ಸುಲಭವಲ್ಲ.

1983ರಲ್ಲಿ ಆಂಡರ್ಸನ್ ಮತ್ತು ಪ್ಯಾರಿಷ್ ಆಧುನಿಕ ಲೇಸರ್ ಚಿಕಿತ್ಸೆಯ ಸೂತ್ರವನ್ನು ಮಂಡಿಸಿದರು: ಬೆಳಕಿನ ಮಿಡಿತ ಸಾಕಷ್ಟು ಕಿರಿದಾಗಿದ್ದರೆ ಬಣ್ಣದ ಕಣಗಳಷ್ಟೇ ಅದನ್ನು ಹೀರಿ ನಾಶವಾಗುತ್ತವೆ, ಸುತ್ತಲಿನ ಚರ್ಮ ಉಳಿಯುತ್ತದೆ. ಆದರೆ ನಮ್ಮ ಚರ್ಮದಲ್ಲಿ ಕಲೆಯಲ್ಲಷ್ಟೇ ಅಲ್ಲ, ಕಲೆಯ ಸುತ್ತಲೂ ಮೆಲನಿನ್ ಹೇರಳ. ಬೆಳಕಿಗೆ ಅದರ ಭೇದ ತಿಳಿಯದು. ಶಾಖ ಮಿತಿಮೀರಿದರೆ ಹಳೆಯ ಕಲೆಯ ಜೊತೆಗೆ ಹೊಸ ಕಲೆಯೂ ಮೂಡುತ್ತದೆ.

ಮೆಲ್ಬರ್ನ್‌ನ ನಮ್ಮ ಬಳಗದ ಅಕ್ಕ ಒಬ್ಬರು ಮಗಳ ಮದುವೆಗೆ ಮುನ್ನ ಲೇಸರ್ ಮಾಡಿಸಿಕೊಂಡರು. ಯಂತ್ರ ಹಿಡಿದಾಕೆ ಅವರ ಚರ್ಮದ ವರ್ಗವನ್ನೂ ಕೇಳಲಿಲ್ಲವಂತೆ. ತಿಂಗಳೊಳಗೆ ಬಂಗು ಮೊದಲಿಗಿಂತ ಗಾಢವಾಯಿತು. ಅದಾದ ಮೇಲೆ ಊರಿನಿಂದ ಬಂದವರ ಪೆಟ್ಟಿಗೆಯಲ್ಲಿ ಬಂದದ್ದು ಸ್ಟೀರಾಯ್ಡ್ ಬೆರೆತ ಟ್ಯೂಬು. ಹಚ್ಚುವವರೆಗೆ ತಿಳಿ, ಬಿಟ್ಟರೆ ಉರಿ. ದೀರ್ಘಕಾಲ ಹಚ್ಚಿದರೆ ಇಂಥವು ಚರ್ಮವನ್ನೇ ತೆಳುವಾಗಿಸುತ್ತವೆ.

ಈ ನಾಡಿನ ಹೆಸರಾಂತ ಬಿಸಿಲ ಪಾಠವೂ ನಮಗಲ್ಲವೆಂದೇ ನಾವು ತಿಳಿದಿದ್ದೆವು. 1981ರಲ್ಲಿ ವಿಕ್ಟೋರಿಯಾದಲ್ಲಿ ಹುಟ್ಟಿದ ಸ್ಲಿಪ್ ಸ್ಲಾಪ್ ಸ್ಲ್ಯಾಪ್ ಪ್ರಚಾರವು ಚರ್ಮದ ಕ್ಯಾನ್ಸರಿನ ಬಗೆಗಿನದು. ಬಿಳಿಯರ ಚಿಂತೆ ಎಂದುಕೊಂಡೆವು. ಬಂಗಿಗೂ ಮೊದಲ ಮದ್ದು ನೆರಳೇ. ಅತಿನೇರಳೆ ಕಿರಣವಷ್ಟೇ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಕಂದು ಚರ್ಮವನ್ನು ಗಾಢಗೊಳಿಸುತ್ತದೆ. ಅದನ್ನು ತಡೆಯಲು ಐರನ್ ಆಕ್ಸೈಡ್ ಬೆರೆಸಿದ, ಬಣ್ಣವುಳ್ಳ ಸನ್‌ಸ್ಕ್ರೀನ್ ಬೇಕು.

ಅಕ್ಕ ಈಗ ಚರ್ಮವೈದ್ಯರ ಬಳಿಗೆ ಹೋಗುತ್ತಾರೆ. ಲೇಸರ್ ಮಾತು ಬಂದಾಗ, ತಮ್ಮಂಥ ಬಣ್ಣದವರಿಗೆ ಎಷ್ಟು ಸಲ ಮಾಡಿದ್ದೀರಿ ಎಂದು ಮೊದಲು ಕೇಳಿದರಂತೆ. ಹಿತ್ತಲ ಕುಂಡದ ಕರಿಬೇವಿಗೆ ನೀರು ಹಾಕಲು ಹೊರಟರೂ ಅಗಲ ಅಂಚಿನ ಟೋಪಿ ತಲೆಯ ಮೇಲಿರುತ್ತದೆ.